ಡೈರಿಗೆ ಹಾಕದ ಹಾಲು

ಪೆನಿಸಿಲಿನ್ ಎಂಬ ಪದವನ್ನು ಕ್ಯಾನಕ್ಕನಷ್ಟು ಸ್ಪಷ್ಟವಾಗಿ, ಅವಳಷ್ಟು ಗಟ್ಟಿಯಾಗಿ ಹೇಳುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದ್ದು ಇಳಿಯುವುದಕ್ಕೇ ಎನ್ನುವಷ್ಟು ಅವಳ ಓದು. ಕ್ಯಾಲ್ಸಿಯಂ ಅವಳ ಬಾಯಲ್ಲಿ ಏನೇನೋ ಆಗಿ ಹೊರಬರುತ್ತಿತ್ತು. ಆದರೆ ಪೆನಿಸಿಲಿನ್ ಮಾತ್ರ ಮಂತ್ರದ ಹಾಗೆ ಒಂದಕ್ಷರ ತಪ್ಪುತ್ತಿರಲಿಲ್ಲ. ಅವಳಿಗೆ ಆ ಹೆಸರು ತಂದ ಹಾಲಿನ ಕ್ಯಾನುಗಳನ್ನು ಸೈಕಲ್ಲಿನ ಎರಡು ಕಡೆ ತೂಗುಹಾಕಿಕೊಂಡು ಡೈರಿಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಲ್ಲುವಳು. ಗಿರಾಕಿಗಳಿದ್ದರೂ ಸರಿ, ಇಲ್ಲದಿದ್ದರೂ ಸರಿ, ಸೈಕಲ್ಲಿನಿಂದ ಇಳಿಯದೆಯೇ ಕೂಗುವಳು.

"ನನ್ನ ತಮ್ಮ ಬಂದು ತಲೆನೋವು ಅನ್ಲಿ, ಹಲ್ಲುನೋವು ಅನ್ಲಿ, ನನ್ನ ಕೇಳ್ದೆ ಏನೂ ಕೊಡ್ಬೇಡಿ. ಪೆನಿಸಿಲಿನ್ ಅವನಿಗೆ ವಿಷ. ನೆನಪಿದೆ ತಾನೆ?"

"ನನ್ನ ಹೆಂಡ್ತಿ ಹುಟ್ಟಿದ ದಿನ ಮರ್ತು ಬೈಸ್ಕೊಂಡಿದೀನಿ ಅಕ್ಕ, ನಿಮ್ಮ ತಮ್ಮನ ಪೆನಿಸಿಲಿನ್ ಮರೆತಿಲ್ಲ" ಎನ್ನುತ್ತಿದ್ದ ಅಂಗಡಿಯ ಬೊಕ್ಕತಲೆಯವನು. ಸಾಧು ಮನುಷ್ಯ. ಆ ಮಾತನ್ನು ಅವನು ಅದೆಷ್ಟು ಸಲ ಹೇಳಿದ್ದನೋ, ಅವಳಿಗೆ ಒಂದು ಸಲವೂ ಸಾಕೆನಿಸಿರಲಿಲ್ಲ.

ನಗುವವರು ನಗುತ್ತಿದ್ದರು. ಆದರೆ ಅವಳು ಕಂಡದ್ದನ್ನು ಕಂಡವರು ನಗುತ್ತಿರಲಿಲ್ಲ. ತಮ್ಮ ಇನ್ನೂ ಹಲ್ಲು ಉದುರುವ ವಯಸ್ಸಿನವನಿದ್ದಾಗ ಗಂಟಲು ಬಾತು ಜ್ವರ ಬಂದಿತ್ತು. ಅಮ್ಮ ಹಾಸಿಗೆ ಹಿಡಿದಿದ್ದಳಾದ್ದರಿಂದ ಅವನನ್ನು ಎತ್ತಿಕೊಂಡು ಹೋದದ್ದು ಅಕ್ಕನೇ. ಕಂಪೌಂಡರು ಸೂಜಿ ಚುಚ್ಚಿದ. ಚುಚ್ಚಿದ ಜಾಗವನ್ನು ಹತ್ತಿಯಲ್ಲಿ ಉಜ್ಜಿ ಮುಗಿಸುವಷ್ಟರಲ್ಲಿ ಹುಡುಗನ ಮೈಮೇಲೆಲ್ಲ ದದ್ದು ಎದ್ದಿತು, ಕಣ್ಣುಗಳು ಮುಚ್ಚಿಹೋಗುವಷ್ಟು ಮುಖ ಊದಿತು, ತುಟಿ ನೀಲಿಯಾಯಿತು. ಅದ್ಯಾವ ಪುಣ್ಯಾತ್ಮನೋ ಪಕ್ಕದ ಕೋಣೆಯಿಂದ ಓಡಿಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟು ಉಳಿಸಿದ. "ಇವನಿಗೆ ಪೆನಿಸಿಲಿನ್ ಆಗಲ್ಲ. ಇನ್ನೊಂದು ಸಲ ಕೊಟ್ರೆ ಉಳಿಯೋದು ಕಷ್ಟ. ಜೀವ ಇರೋವರೆಗೂ ನೆನಪಿಟ್ಕೋ" ಎಂದು ಹೇಳಿದ್ದು ಅಮ್ಮನಿಗಲ್ಲ, ತಮ್ಮನನ್ನು ಅವುಚಿಕೊಂಡು ನಿಂತಿದ್ದ ಈ ಹುಡುಗಿಗೆ.

ಅವಳು ನೆನಪಿಟ್ಟುಕೊಂಡಳು. ಅಮ್ಮ ಹೋದ ಮೇಲಂತೂ ಅದೇ ಅವಳ ಉದ್ಯೋಗವಾಯಿತು, ಹಸು ಸಾಕುವುದು ಅದರ ಜೊತೆಗಿನ ಇನ್ನೊಂದು ಕೆಲಸ. ಮದುವೆ ಅವಳಿಗೂ ಆಗಲಿಲ್ಲ, ಅವನಿಗೂ ಆಗಲಿಲ್ಲ. ಅವಳನ್ನು ನೋಡಲು ಬಂದವರಿಗೆ "ತಮ್ಮನೂ ನನ್ನ ಜೊತೆ ಬರ್ತಾನೆ" ಎಂದಳು, ಅವರು ಬರಲಿಲ್ಲ. ಅವನನ್ನು ನೋಡಲು ಬಂದವರಿಗೆ ಅವಳು ಪೆನಿಸಿಲಿನ್ ಬಗ್ಗೆ ಹೇಳಿದ ರೀತಿಗೆ ಹೆಣ್ಣಿನ ಕಡೆಯವರು ಮತ್ತೆ ಆ ಬೀದಿಯಲ್ಲೇ ಕಾಣಿಸಲಿಲ್ಲ.

ತಮ್ಮನದು ಬೀಗ ರಿಪೇರಿ. ಎರಡು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಜಾಗದಲ್ಲಿ ಕೂತು ಕೀಲಿಕೈ ಅರೆಯುತ್ತಿದ್ದ. ಎಂಥ ಹಟಮಾರಿ ಬೀಗವನ್ನೂ ಬೈಯದೆ, ಬಡಿಯದೆ ತೆಗೆಯುತ್ತಿದ್ದ. ಮಾತು ಕಡಿಮೆ. ನಲವತ್ತು ದಾಟಿದರೂ ಅಕ್ಕ ತಟ್ಟೆ ಇಟ್ಟರೆ ಉಂಡ, ಲೋಟ ಕೊಟ್ಟರೆ ಕುಡಿದ. ಲೋಟ ಖಾಲಿಯಾಗುವ ತನಕ ಎದುರಿಗೆ ನಿಲ್ಲುವುದು ಅವಳ ಅಭ್ಯಾಸ. ಅವಳೂ ಅದನ್ನು ಬಿಡಲಿಲ್ಲ, ಅವನೂ ಬಿಡು ಎನ್ನಲಿಲ್ಲ.

ಹಾಲಿನವರ ಮನೆಯೆಂದರೆ ಹಾಲು ಹೊಳೆಯಾಗಿ ಹರಿಯುತ್ತದೆ ಎಂದು ತಿಳಿದವರಿಗೆ ಆ ಕಸುಬು ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಹಿತ್ತಲಿನ ಕೊಟ್ಟಿಗೆಯ ಮೂರು ಹಸುಗಳು ಕೊಟ್ಟದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಮನೆಯ ಚಹಾಕ್ಕೆ ಬೀಳುತ್ತಿದ್ದದ್ದು ಕ್ಯಾನಿನ ತಳ ತೊಳೆದಂಥ ನಾಲ್ಕು ಹನಿ. ಮನೆಯವರು ಲೋಟ ತುಂಬ ಹಾಲು ಕುಡಿಯುವುದು ಯಾವಾಗ ಎಂದರೆ, ಹಸುವಿಗೆ ಕಾಯಿಲೆ ಬಂದಾಗ. ಔಷಧಿ ಬಿದ್ದ ಹಸುವಿನ ಹಾಲನ್ನು ಡೈರಿಯವರು ಮುಟ್ಟುವುದಿಲ್ಲ, ಮೆಷಿನ್ನಿನಲ್ಲಿ ಹಿಡಿದು ಹಿಂದಕ್ಕೆ ಕಳಿಸುತ್ತಾರೆ. ಬೇರೆಯವರಿಗೆ ಮಾರಲು ಮನಸ್ಸು ಒಪ್ಪದು. ಹಾಗಂತ ಚೆಲ್ಲುವುದುಂಟೆ? ಎರಡು ಸಲ ಉಕ್ಕಿಸಿ ಮನೆಯವರೇ ಕುಡಿಯುವುದು. ಹಸು ಕಟ್ಟಿದವರ ಮನೆಗಳಲ್ಲೆಲ್ಲ ಹೀಗೇ. ಅಮ್ಮ ಹಾಗೆ ಮಾಡುತ್ತಿದ್ದಳು, ಮಗಳು ನೋಡಿ ಕಲಿತಿದ್ದಳು.

ಅವಳ ಕಾಲದಲ್ಲಿ ಹಸುಗಳಿಗೆ ಬಂದದ್ದೆಲ್ಲ ಹೊಟ್ಟೆಯುಬ್ಬರ, ಕಾಲುಕುಂಟು, ಎಣ್ಣೆಯಲ್ಲೋ ಮುಲಾಮಿನಲ್ಲೋ ಮುಗಿಯುವಂಥದ್ದು. ಈ ಸಲ ಕಿವಿಹರಕಿಗೆ ಕೆಚ್ಚಲು ಬಾತಿತು. ಕರುವಾಗಿದ್ದಾಗ ತಂತಿಗೆ ಸಿಕ್ಕಿ ಕಿವಿ ಹರಿದುಕೊಂಡದ್ದಕ್ಕೆ ಆ ಹೆಸರು, ಹಾಲಿಗೆ ಮಾತ್ರ ಮೂವರಲ್ಲಿ ಅವಳೇ ಮೇಲು. ಕೆಚ್ಚಲು ಕಲ್ಲಾಗಿತ್ತು, ಮುಟ್ಟಿದರೆ ಕಾದ ಬಾಣಲೆಯ ಬಿಸಿ. ಹಿಂಡಿದರೆ ಒಡೆದ ಹಾಲಿನ ಚೂರು ಬರುತ್ತಿತ್ತು. ಪಶುವೈದ್ಯರು ಬಂದು ಮೊಲೆಯ ತುದಿಯಿಂದ ಟ್ಯೂಬಿನ ಔಷಧಿ ಏರಿಸಿದರು. ಉಳಿದ ಟ್ಯೂಬುಗಳನ್ನು ಅವಳ ಕೈಗೆ ಕೊಟ್ಟು, ಬೆಳಿಗ್ಗೆ ಸಂಜೆ ಹಾಲು ಹಿಂಡಿದ ಮೇಲೆ ಏರಿಸಬೇಕೆಂದು ತೋರಿಸಿಕೊಟ್ಟರು.

"ಹಾಲು ಡೈರಿಗೆ ಹಾಕ್ಬೇಡಿ ಅಮ್ಮ. ಟ್ಯೂಬು ಮುಗಿದ ಮೇಲೂ ನಾನು ಹೇಳೋವರೆಗೂ ಬೇಡ."

"ಅಷ್ಟು ಗೊತ್ತಿಲ್ವಾ ನಂಗೆ?" ಎಂದಳು ಕ್ಯಾನಕ್ಕ. ನಿಜವಾಗಿ ಅವಳಿಗೆ ಅಷ್ಟೇ ಗೊತ್ತಿತ್ತು. ಕುಡಿಯಬೇಡಿ ಎಂದು ವೈದ್ಯರು ಬಾಯಿಬಿಟ್ಟು ಹೇಳಲಿಲ್ಲ, ಅದೂ ಹೇಳುವ ಮಾತೇ ಎಂದುಕೊಂಡಿರಬೇಕು. ಅವಳು ಕೇಳಲಿಲ್ಲ. ಡೈರಿಗೆ ಬೇಡವೆಂದರೆ ಮನೆಗೆ ಎಂದೇ ಅವಳ ಕಸುಬಿನಲ್ಲಿ ಅರ್ಥ.

ಮರುದಿನಕ್ಕೆಲ್ಲ ಬಾವು ಇಳಿಯಿತು. ಚೂರು ಹೋಗಿ ಹಾಲು ಬೆಳ್ಳಗೆ, ನೊರೆನೊರೆಯಾಗಿ ಬಂತು. ಅದನ್ನು ನೋಡಿ ಅವಳಿಗೆ ಖುಷಿಯೇ ಆಯಿತು. ಅವಳು ಎರಡು ಸಲ ಉಕ್ಕಿಸಿ, ಕೆನೆಸಮೇತ ದೊಡ್ಡ ಲೋಟಕ್ಕೆ ಸುರಿದು, ಸಕ್ಕರೆ ಕದಡಿ ತಮ್ಮನ ಮುಂದೆ ಹಿಡಿದಳು. "ಕುಡಿಯೋ. ಕೂತು ಕೂತು ಕೀಲಿಕೈ ಹಾಗೇ ಸಣ್ಣಗಾಗಿದೀಯ." ಅವನು ಕುಡಿದ. ಅವಳು ನಿಂತು ನೋಡಿದಳು.

ಸಂಜೆ ಅವನು ಅಂಗಡಿಯಿಂದ ಬಂದದ್ದೇ ಕೆರೆದುಕೊಳ್ಳುತ್ತ. ಅಂಗಿ ತೆಗೆದರೆ ಬೆನ್ನ ತುಂಬ ಕೆಂಪು ದದ್ದು. ವರ್ಷಾನುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾದವಳಿಗೆ ಅದೇ ಬಣ್ಣ, ಅದೇ ಆಕಾರ.

"ಏನು ನುಂಗಿದೆ? ಹಲ್ಲುನೋವಾ? ಯಾರು ಕೊಟ್ರು? ಬೊಕ್ಕತಲೆ ಕೊಟ್ನಾ?"

"ಏನೂ ನುಂಗಿಲ್ಲ ಅಕ್ಕ."

ಅವಳು ಅವನ ಜೇಬುಗಳನ್ನು ಒಳಹೊರಗು ಮಾಡಿದಳು. ಬಾಯಿ ತೆಗೆಸಿ ನೋಡಿದಳು. ಹೊಸ ಸಾಬೂನನ್ನು ತೆಗೆದು ತಿಪ್ಪೆಗೆಸೆದಳು, ಹೊದಿಕೆಯನ್ನು ಬಿಸಿನೀರಿಗೆ ಹಾಕಿದಳು. ಆಮೇಲೆ ಒಲೆ ಹಚ್ಚಿ ಹಾಲು ಕಾಯಿಸಿದಳು. ಹೊಟ್ಟೆಗೆ ಏನೇ ವಿಷ ಸೇರಿದ್ದರೂ ಹಾಲು ಅದನ್ನು ಮುರಿಯುತ್ತದೆ ಎಂಬುದು ಅವಳ ನಂಬಿಕೆ. ಹೊಟ್ಟೆ ತುಂಬಿ ಲೋಟದ ಕಡೆ ನೋಡದ ತಮ್ಮನಿಗೆ ಗದರಿಸಿ ಅರ್ಧ ಲೋಟವಾದರೂ ಕುಡಿಸಿದಳು. ಯಾವ ಕೈ ಅವನನ್ನು ಕಾಯುತ್ತಿತ್ತೋ ಆ ಕೈಯೇ ಅದನ್ನು ಕುಡಿಸುತ್ತಿತ್ತು. ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಅವಳಿಗೆ ಮಾತ್ರ ಆಗ ಅದು ಮದ್ದು.

ಬೆಳಿಗ್ಗೆ ಅವನ ತುಟಿ ದಪ್ಪಗಾಗಿತ್ತು. ಅವಳು ಕೊಟ್ಟಿಗೆಯಿಂದ ಆಗಷ್ಟೇ ಹಿಂಡಿ ತಂದ ಹಾಲನ್ನು ಉಕ್ಕಿಸಿ, ಈ ಸಲ ತುಂಬಿದ ಲೋಟವನ್ನೇ ಕೊಟ್ಟಳು. ಲೋಟ ಕೆಳಗಿಟ್ಟು ಅವನು ಚಪ್ಪಲಿ ಮೆಟ್ಟಲು ಬಗ್ಗಿದವನು ಹಾಗೆಯೇ ಗೋಡೆಗೆ ಒರಗಿದ. "ಅಕ್ಕ, ಉಸಿರು..." ಎಂದ. ಮುಂದಿನದು ಬರಲಿಲ್ಲ. ಮುಖ ನೋಡನೋಡುತ್ತ ಊದಿತು. ಗಂಟಲಿನಿಂದ ಸೀಟಿಯ ಸದ್ದು ಬರತೊಡಗಿತು. ಕ್ಯಾನಕ್ಕ ಕಿರುಚಿದ ಕಿರುಚಿಗೆ ಎದುರುಮನೆಯ ವ್ಯಾನಿನವನು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿಬಂದ. ಇಬ್ಬರೂ ಸೇರಿ ಅವನನ್ನು ಹೊತ್ತು ವ್ಯಾನಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಅವಳು "ಉಸಿರಾಡು, ಉಸಿರಾಡೋ" ಎನ್ನುತ್ತಿದ್ದಳು. ಅವನು ಉಸಿರಾಡುವುದನ್ನು ನಿಲ್ಲಿಸಿಬಿಟ್ಟರೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ತುರ್ತು ಕೋಣೆಯಲ್ಲಿದ್ದದ್ದು ಕನ್ನಡಕದ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತೊಡೆಗೆ ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಇಟ್ಟರು. ನಿಧಾನಕ್ಕೆ ಸೀಟಿ ಕಡಿಮೆಯಾಯಿತು, ತುಟಿಗೆ ಬಣ್ಣ ಬಂತು. ಆಗ ಡಾಕ್ಟರಮ್ಮ ಕೇಳಿದರು.

"ಇದು ಅಲರ್ಜಿ. ಯಾವ ಮಾತ್ರೆ ತಗೊಂಡಿದ್ರು?"

"ಯಾವ ಮಾತ್ರೇನೂ ಇಲ್ಲ. ಪೆನಿಸಿಲಿನ್ ಅವನಿಗೆ ವಿಷ. ನಾನು ನಮ್ಮನೆ ಹೊಸ್ತಿಲು ದಾಟೋಕೆ ಬಿಟ್ಟಿಲ್ಲ ಅದನ್ನ!"

"ಊಟದಲ್ಲಿ ಹೊಸದೇನಾದ್ರೂ?"

"ಏನಿಲ್ಲ. ನನ್ನ ಕೈ ಊಟ. ಹಾಲು."

ಹಾಲು ಎಂದಳು. ಬಾಯಿಬಿಟ್ಟೇ ಹೇಳಿದಳು. ಡಾಕ್ಟರಮ್ಮ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ದಿನವೂ ಚಹಾ ಕುಡಿಯುವ ಮನುಷ್ಯನಿಗೆ ಹಾಲಿನಿಂದ ಏನಾದೀತೆಂದು ಯಾರಿಗೆ ತಾನೆ ಅನುಮಾನ ಬಂದೀತು? ಇನ್ನೊಂದು ದಿನ ಇಲ್ಲೇ ಇರಲಿ, ನೋಡೋಣ ಎಂದರು.

ತಮ್ಮನ ಜೀವ ಉಳಿದ ಮೇಲೆ ಕ್ಯಾನಕ್ಕನಿಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ಆದದ್ದು ಔಷಧಿ ಅಂಗಡಿಯ ಬೊಕ್ಕತಲೆಯವನು. ಗಿರಾಕಿಗಳು ತುಂಬಿದ ಹೊತ್ತಿಗೆ ಹೋಗಿ ನಿಂತು, "ಕದ್ದು ಮಾತ್ರೆ ಕೊಟ್ಟು ನನ್ನ ತಮ್ಮನ್ನ ಕೊಲ್ಲೋಕೆ ನೋಡಿದೀಯಲ್ಲೋ, ಕೊಲೆಗಡುಕ!" ಎಂದು ಇಡೀ ಬೀದಿಗೆ ಕೇಳುವಂತೆ ಬೈದಳು. ಅವನು ಬೆವತುಹೋದ. ಮಕ್ಕಳ ಮೇಲೆ ಆಣೆಯಿಟ್ಟ. ಕೌಂಟರಿನ ಮುಂದಿದ್ದ ಒಬ್ಬಾಕೆ ತಾನು ಕೊಂಡ ಔಷಧಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಹೊರಟುಹೋದಳು. ಬೀದಿಯಲ್ಲಿ ಸುದ್ದಿ ಹಬ್ಬಲು ಇನ್ನೇನು ಬೇಕು?

ಮಾರನೆಯ ಬೆಳಿಗ್ಗೆ ಹಸುಗಳ ಕೆಲಸ ಮುಗಿಸಿ, ಕಿವಿಹರಕಿಯ ಹಾಲನ್ನು ಫ್ಲಾಸ್ಕಿಗೆ ತುಂಬಿಸಿಕೊಂಡು ಅವಳು ವಾರ್ಡಿಗೆ ಬಂದಳು. ತಮ್ಮ ಎದ್ದು ಕೂತಿದ್ದ. ಮುಖದ ಊತ ಇಳಿದಿತ್ತು. ಪಕ್ಕದ ಹಾಸಿಗೆಯವನ ಸೂಟ್‌ಕೇಸಿನ ಕೆಟ್ಟ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಅದನ್ನು ಕಂಡು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಆಸ್ಪತ್ರೆ ಚಹಾ ಮುಟ್ಬೇಡ. ಇದನ್ನ ಕುಡಿ" ಎಂದು ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಸುರಿದು ಕೊಟ್ಟಳು. ಅವನು ಒಂದು ಗುಟುಕು ಕುಡಿದು ನಿಲ್ಲಿಸಿದ.

"ಯಾಕೆ? ಸುಡ್ತಾ?"

"ಇಲ್ಲ."

"ಮತ್ತೆ ಕುಡಿ."

ಅವನು ಪೂರ್ತಿ ಕುಡಿದ. ಅವಳು ಮುಚ್ಚಳ ತೊಳೆದು ತರುವಷ್ಟರಲ್ಲಿ ಬೀಗ ನೆಲಕ್ಕೆ ಬಿದ್ದಿತ್ತು. ತಮ್ಮ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಿದ್ದ.

ಈ ಸಲ ನಿನ್ನೆಯದಕ್ಕಿಂತ ಜೋರು. ಡಾಕ್ಟರಮ್ಮ ಓಡಿಬಂದರು. ಪರದೆ ಎಳೆದರು. ಒಂದು ಇಂಜೆಕ್ಷನ್ ಸಾಲದು, ಇನ್ನೊಂದು ಎಂದು ಒಳಗಿನಿಂದ ಕೂಗು ಕೇಳಿತು. ಪರದೆಯ ಹೊರಗೆ ಕ್ಯಾನಕ್ಕ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡು ವಾರ್ಡು ಅದುರುವಂತೆ ಅಬ್ಬರಿಸುತ್ತಿದ್ದಳು. "ನೀವೇ ಕೊಟ್ಟಿದೀರಿ! ರಾತ್ರಿ ನಾನಿಲ್ದೆ ಇದ್ದಾಗ ಕೊಟ್ಟಿದೀರಿ! ನನ್ನ ತಮ್ಮನಿಗೇನಾದ್ರೂ ಆಗ್ಲಿ, ಈ ಕಟ್ಟಡಕ್ಕೇ ಬೆಂಕಿ ಇಡ್ತೀನಿ!" ರಾತ್ರಿ ಪಾಳಿಯ ನರ್ಸು ಮನೆಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತು, ತಾನೇನು ಕೊಟ್ಟೆನೆಂದು ನೆನಪಿಸಿಕೊಳ್ಳುತ್ತ ಅಳತೊಡಗಿದಳು.

ಅಷ್ಟರಲ್ಲಿ ಕ್ಯಾನಕ್ಕನ ಫೋನು ಬಡಿದುಕೊಂಡಿತು. ಪಶುವೈದ್ಯರು.

"ಹೇಗಿದಾಳಮ್ಮ ಕಿವಿಹರಕಿ? ಟ್ಯೂಬು ನಿಲ್ಲಿಸ್ಬೇಡಿ. ಆಂಟಿಬಯಾಟಿಕ್ಕು ಅರ್ಧಕ್ಕೆ ಬಿಟ್ರೆ ಬಾವು ತಿರುಗಿ ಬರುತ್ತೆ."

ಅವಳು ಫೋನಿಟ್ಟುಬಿಡುತ್ತಿದ್ದಳು. ಆದರೆ ಆಂಟಿಬಯಾಟಿಕ್ಕು ಎಂಬ ಆ ಮಾತು ಮುಳ್ಳಿನ ಹಾಗೆ ಹಿಡಿದು ನಿಲ್ಲಿಸಿತು.

"ಡಾಕ್ಟ್ರೇ, ಆ ಟ್ಯೂಬಲ್ಲಿ ಏನಿದೆ?"

"ಪೆನಿಸಿಲಿನ್. ಯಾಕಮ್ಮ?"

ಅವಳು ಕಂಕುಳಿನ ಫ್ಲಾಸ್ಕನ್ನು ಕೈಗೆ ತೆಗೆದುಕೊಂಡು ನೋಡಿದಳು. ಹಸು ಬೆಳ್ಳುಳ್ಳಿ ಸಿಪ್ಪೆ ತಿಂದರೆ ಸಂಜೆಯ ಹಾಲು ಬೆಳ್ಳುಳ್ಳಿ ನಾರುತ್ತದೆ ಎಂದು ಬೀದಿಗೆಲ್ಲ ಪಾಠ ಹೇಳುವವಳು ಅವಳು. ಆದರೂ ಕೆಚ್ಚಲಿಗೇ ಏರಿಸಿದ್ದು ಹಾಲಿಗೆ ಬರುತ್ತದೆಂದು ಹೊಳೆಯಲಿಲ್ಲ. ಪೆನಿಸಿಲಿನ್ ಎಂದರೆ ಅವಳ ಪಾಲಿಗೆ ಔಷಧಿ ಅಂಗಡಿಯಲ್ಲಿರುವುದು, ಆಸ್ಪತ್ರೆಯಲ್ಲಿರುವುದು, ಪರರ ಕೈಯಲ್ಲಿರುವುದು. ಅದು ತನ್ನ ಕೊಟ್ಟಿಗೆಯಲ್ಲಿ, ತನ್ನ ಒಲೆಯ ಮೇಲೆ, ತನ್ನ ಕಂಕುಳಲ್ಲಿ ಬೆಚ್ಚಗೆ ಇರಬಹುದೆಂದು ಯಾವ ಜನ್ಮದಲ್ಲಿ ಯೋಚಿಸಿಯಾಳು? ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಫ್ಲಾಸ್ಕನ್ನು ಸಿಂಕಿಗೆ ಸುರಿದು, ಇನ್ನು ಮುಂದೆ ಕೊಡದಿದ್ದರೆ ಮುಗಿಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬಂದಿರಲೂಬಹುದು, ಬರಲಿಲ್ಲವೆಂದು ನಾನು ಹೇಳಲಾರೆ. ಆದರೆ ಪರದೆಯ ಹಿಂದೆ ಡಾಕ್ಟರಮ್ಮ "ಯಾವುದ್ರಿಂದ ಆಗ್ತಿದೆ ಅಂತ ಗೊತ್ತಾಗದೆ ಏನು ಮಾಡ್ಲಿ?" ಎಂದು ಕೂಗುವುದು ಕೇಳಿಸಿತು. ಕ್ಯಾನಕ್ಕ ಪರದೆ ಸರಿಸಿ ಒಳಗೆ ಹೋದಳು.

"ನಾನೇ ಕೊಟ್ಟಿದ್ದು."

"ಏನಮ್ಮ ಅದು, ಹೊರಗೆ ಹೋಗಿ!"

"ಪೆನಿಸಿಲಿನ್. ಹಾಲಲ್ಲಿ. ಹಸುವಿನ ಕೆಚ್ಚಲಿಗೆ ಏರಿಸಿದ್ದು. ಮೊನ್ನೆಯಿಂದ ಕುಡಿಸ್ತಿದೀನಿ. ಈಗ್ಲೂ ಕುಡಿಸ್ದೆ." ಅವಳು ಫ್ಲಾಸ್ಕನ್ನು ಮುಂದೆ ಚಾಚಿದಳು. ಅವಳಿಂದ ಬೈಸಿಕೊಂಡ ಆಸ್ಪತ್ರೆಯವರೆಲ್ಲ ಅಲ್ಲೇ ಇದ್ದರು. ಅವರಲ್ಲಿ ಒಬ್ಬರು ತಿರುಗಿ ಬೈದಿದ್ದರೂ ಅವಳಿಗೆ ಎಷ್ಟೋ ಮೇಲೆನಿಸುತ್ತಿತ್ತು.

ತಮ್ಮ ಉಳಿದ. ಗಾಜಿನ ಕೋಣೆಯಲ್ಲಿ ಕೊಳವೆ ಹಾಕಿಸಿಕೊಂಡು ಮಲಗಿದ್ದು, ಮೈ ಚರ್ಮ ಅಲ್ಲಲ್ಲಿ ಸುಲಿದು, ಕಡೆಗೆ ತನ್ನ ಕಾಲ ಮೇಲೆ ನಡೆದು ಹೊರಬಂದ. ಕಿವಿಹರಕಿಯ ಹಾಲು ಅಷ್ಟು ದಿನವೂ ಗುಂಡಿಗೆ ಹೋಯಿತು. ಕ್ಯಾನಕ್ಕ ಬೊಕ್ಕತಲೆಯವನ ಅಂಗಡಿಗೂ ಹೋದಳು. ಬೈದಾಗ ಎಷ್ಟು ಜನರಿದ್ದರೋ ಅಷ್ಟು ಜನ ಸೇರುವ ತನಕ ಕಾದು ನಿಂತು, ತಪ್ಪು ತನ್ನದೆಂದು ಗಟ್ಟಿಯಾಗಿಯೇ ಹೇಳಿದಳು. ಅವನು, "ಹಾಲಲ್ಲಿ ಬರುತ್ತೆ ಅಂತ ನಂಗಾದ್ರೂ ಹೊಳೀಬೇಕಿತ್ತು ಅಕ್ಕ" ಎಂದ. ಸಾಧು ಮನುಷ್ಯ ಎಂದೆನಲ್ಲ.

ಆದರೆ ತಮ್ಮ ಮಾತ್ರ ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮತ್ತೆ ಮೆಟ್ಟಿಲ ಕೆಳಗೆ ಕೂತು ಕೀಲಿಕೈ ಅರೆಯತೊಡಗಿದ. ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಅವನ ಅಂಗಡಿಗೇ ಬಂದ ಅವಳಿಗೆ ತಡೆಯಲಾಗಲಿಲ್ಲ.

"ಒಂದು ಸಲ ಬೈದ್ಬಿಡೋ. ಕೊಂದೇಬಿಡ್ತಿದ್ದೆ ನಿನ್ನ. ಗೊತ್ತಿಲ್ದೆ ಆದ್ರೂ ಕೊಂದೇಬಿಡ್ತಿದ್ದೆ."

ಅವನು ಅರವನ್ನು ಕೆಳಗಿಟ್ಟ.

"ಆಸ್ಪತ್ರೇಲಿ ಫ್ಲಾಸ್ಕಿಂದ ಕೊಟ್ಟೆಯಲ್ಲ ಅಕ್ಕ. ಮೊದಲ ಗುಟುಕಿಗೇ ನಾಲಿಗೆ ಚುರುಚುರು ಅಂತು. ಹಿಂದಿನ ದಿನ ಬೆಳಿಗ್ಗೆನೂ ಹಾಗೇ ಆಗಿತ್ತು. ಹಾಲಿಂದಾನೇ ಅಂತ ನಂಗೆ ಆಗ್ಲೇ ಗೊತ್ತಾಯ್ತು."

ಅವಳಿಗೆ ಅರ್ಥವಾಗಲಿಲ್ಲ. "ಗೊತ್ತಾಯ್ತಾ? ಗೊತ್ತಾದ್ಮೇಲೂ ಪೂರ್ತಿ ಕುಡಿದ್ಯಲ್ಲೋ, ಯಾಕೆ?"

"ನೀನು ಎದುರಿಗೆ ನಿಂತಿದ್ದೆ" ಎಂದ ಅವನು. "ಬೇಡ ಅಂತ ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಹೇಳಿ ಮುಗಿಸಿ, ಊಟಕ್ಕೆಂದು ಕೈಯ ಕಬ್ಬಿಣದ ಪುಡಿ ಒರೆಸಿಕೊಂಡ. ಕ್ಯಾನಕ್ಕ ತಟ್ಟೆ ಹಿಡಿದು ನಿಂತೇ ಇದ್ದಳು. ಅದನ್ನು ಅವನ ಮುಂದೆ ಇಡಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.